ಜಿಲ್ಲಾಧ್ಯಕ್ಷರ ಆಯ್ಕೆ: ಸದಸ್ಯರ ಮತವೋ, ವರಿಷ್ಠರ ತೀರ್ಮಾನವೋ?

ಪರ: ಮತಪೆಟ್ಟಿಗೆ ತಾಲ್ಲೂಕಿಗೆ ಬರಲಿ

ದಾವಣಗೆರೆಯಲ್ಲಿ ಪಕ್ಷ ಯಾವುದೇ ಇರಲಿ, ಜಿಲ್ಲಾಧ್ಯಕ್ಷರ ಆಯ್ಕೆಯ ರೀತಿ ಹೆಚ್ಚುಕಡಿಮೆ ಒಂದೇ. ಬೆಂಗಳೂರಿನಿಂದ ವೀಕ್ಷಕರು ಬರುತ್ತಾರೆ. ಒಬ್ಬೊಬ್ಬರನ್ನೇ ಒಳಗೆ ಕರೆದು ಅಭಿಪ್ರಾಯ ಕೇಳುತ್ತಾರೆ. ತೀರ್ಮಾನ ವರಿಷ್ಠರಿಗೆ ಬಿಟ್ಟದ್ದು ಎಂಬ ಒಂದು ಸಾಲಿನ ನಿರ್ಣಯ ತೆಗೆದುಕೊಂಡು ಹೊರಡುತ್ತಾರೆ. ಒಳಗೆ ಯಾರು ಯಾರ ಹೆಸರು ಹೇಳಿದರೆಂಬುದು ಜಗಳೂರಿನ ಬೂತ್ ಕಾರ್ಯಕರ್ತನಿಗೆ ಗೊತ್ತಾಗುವುದೇ ಇಲ್ಲ. ಚುನಾವಣೆ ಬಂದಾಗ ಬಿಸಿಲಲ್ಲಿ ಮನೆಮನೆ ತಿರುಗುವವನು ಮಾತ್ರ ಅವನೇ.

ಮೇಲಿನಿಂದ ಬಂದ ಪದವಿ ಬಿಕ್ಕಟ್ಟಿನಲ್ಲಿ ನಿಲ್ಲುವುದಿಲ್ಲ. ಚಿತ್ರದುರ್ಗದ ನಿಜಲಿಂಗಪ್ಪನವರು 1968ರಲ್ಲಿ ಎಐಸಿಸಿ (ಅಖಿಲ ಭಾರತ ಕಾಂಗ್ರೆಸ್ ಸಮಿತಿ) ಅಧ್ಯಕ್ಷರಾದದ್ದು ಹಿರಿಯರ ಒಮ್ಮತದಿಂದ. 1969ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿಯವರನ್ನು ಉಚ್ಚಾಟಿಸಿದಾಗ ಅಧ್ಯಕ್ಷರ ಕೈಯಲ್ಲಿ ಪಕ್ಷದ ಅಧಿಕಾರವಿತ್ತು. ಆದರೆ ಸಂಸದರಲ್ಲಿ ಹೆಚ್ಚಿನವರು ಇಂದಿರಾ ಕಡೆಗೇ ಹೋದರು.

ಮತದಾನ ನಡೆದರೆ ಪಕ್ಷ ಒಡೆಯುತ್ತದೆಂಬ ಭಯಕ್ಕೆ 2022ರ ಅಕ್ಟೋಬರ್ ಉತ್ತರ ಕೊಟ್ಟಿದೆ. ಎಐಸಿಸಿ ಅಧ್ಯಕ್ಷ ಸ್ಥಾನಕ್ಕೆ ಬಿದ್ದ 9,385 ಮತಗಳಲ್ಲಿ ಖರ್ಗೆಯವರಿಗೆ 7,897, ತರೂರ್ ಅವರಿಗೆ 1,072 ಬಂದವು, 416 ಅಸಿಂಧುವಾದವು. ಮೊದಲು ಹೆಸರಿನ ಮುಂದೆ 1 ಎಂದು ಬರೆಯಲು ಸೂಚಿಸಿದ್ದರು. ಪಟ್ಟಿಯಲ್ಲಿ ಖರ್ಗೆಯವರ ಕ್ರಮಸಂಖ್ಯೆಯೂ 1. ತರೂರ್ ಕಡೆಯವರು ತಕರಾರು ಎತ್ತಿದ ಮೇಲೆ ಟಿಕ್ ಗುರುತು ಬಂತು. ಯಾವ ರಾಜ್ಯ ಯಾರ ಕಡೆ ಎಂದು ಗೊತ್ತಾಗದಿರಲೆಂದು ಎಲ್ಲ ಮತಪತ್ರಗಳನ್ನೂ ಬೆರೆಸಿ ಎಣಿಸಿದರು. ಸೋತವರು ಪಕ್ಷ ಬಿಡಲಿಲ್ಲ, ಮರುವರ್ಷ ಕಾರ್ಯಕಾರಿ ಸಮಿತಿ ಸೇರಿದರು.

ಇಲ್ಲಿಯೂ ಅದನ್ನೇ ಮಾಡಬಹುದು. ಮತದಾನಕ್ಕೆ ಆರು ತಿಂಗಳ ಮುಂಚೆ ಸದಸ್ಯತ್ವ ನಿಲ್ಲಿಸಿ, ಪಟ್ಟಿಯನ್ನು ಪ್ರತಿ ತಾಲ್ಲೂಕು ಕಚೇರಿಯ ಗೋಡೆಗೆ ಹದಿನೈದು ದಿನ ಅಂಟಿಸಿ, ಆಕ್ಷೇಪಣೆ ಕೇಳಬೇಕು. 2022ರಲ್ಲಿ ಮತದಾರರ ಪಟ್ಟಿಯನ್ನು ಸಾರ್ವಜನಿಕವಾಗಿ ಪ್ರಕಟಿಸದೆ ಹೋದದ್ದೇ ದೊಡ್ಡ ಕೊರತೆ. ಹೊನ್ನಾಳಿ, ಚನ್ನಗಿರಿ, ಹರಿಹರದ ಪೆಟ್ಟಿಗೆಗಳನ್ನು ದಾವಣಗೆರೆಗೆ ತಂದು, ಬೆರೆಸಿ, ಎಲ್ಲ ಅಭ್ಯರ್ಥಿಗಳ ಏಜೆಂಟರ ಎದುರೇ ಎಣಿಸಲಿ.

ವಿರೋಧ: ರಸೀದಿ ಪುಸ್ತಕ ಯಾರ ಕೈಯಲ್ಲಿದೆ?

ಮತಪೆಟ್ಟಿಗೆ ನೇರವಾಗಿಯೇ ಇರಬಹುದು, ಪಟ್ಟಿ ನೇರವಾಗಿರುವುದಿಲ್ಲ. ಸದಸ್ಯತ್ವದ ಹಣವನ್ನು ಸದಸ್ಯ ಕಟ್ಟುವುದಿಲ್ಲ, ಸ್ಪರ್ಧಿ ಕಟ್ಟುತ್ತಾನೆ. ರಸೀದಿ ಪುಸ್ತಕ ಕಟ್ಟುಗಟ್ಟಲೆ ಒಬ್ಬನ ಮನೆ ಸೇರುತ್ತದೆ. ಆ್ಯಪ್ ಬಂದರೂ ಒಟಿಪಿ ಹೋಗುವುದು ಅವನ ಹುಡುಗರ ಮೊಬೈಲಿಗೆ. ಆರು ತಿಂಗಳ ಮುಂಚೆ ನೋಂದಣಿ ನಿಲ್ಲಿಸಿದರೆ ಅವನು ಏಳನೇ ತಿಂಗಳಲ್ಲೇ ಹಣ ಸುರಿಯುತ್ತಾನೆ. 2021ರ ಕರ್ನಾಟಕ ಯುವ ಕಾಂಗ್ರೆಸ್ ಚುನಾವಣೆ ನೆನಪಿಸಿಕೊಳ್ಳಿ: ಹೆಚ್ಚು ಮತ ಪಡೆದವರನ್ನು ಅನರ್ಹಗೊಳಿಸಿ ಎರಡನೆಯವರನ್ನು ಅಧ್ಯಕ್ಷರೆಂದು ಸಾರಿದರು, ಮುಂದೆ ಅವಧಿ ಹಂಚಿ ರಾಜಿ ಮಾಡಬೇಕಾಯಿತು. ಕೊನೆಗೂ ಹೈಕಮಾಂಡೇ ಬರಬೇಕಾದರೆ ಅಷ್ಟು ಖರ್ಚು, ಅಷ್ಟು ಜಗಳ ಏಕೆ?

ಜಿಲ್ಲೆಯ ಲೆಕ್ಕವನ್ನೂ ನೋಡಿ. ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ಎರಡು ದಾವಣಗೆರೆ ಹೆಸರಿನವೇ. ಸದಸ್ಯತ್ವ ಎಲ್ಲಿ ಸುಲಭವೋ ಅಲ್ಲೇ ಮತ ಉಬ್ಬುತ್ತದೆ. ಎಸ್ಟಿ ಮೀಸಲಿನ ಜಗಳೂರು, ಎಸ್ಸಿ ಮೀಸಲಿನ ಮಾಯಕೊಂಡದಿಂದ ಬಂದವರು ನಗರದ ಪಟ್ಟಿಯೆದುರು ಎಂದಿಗೂ ಗೆಲ್ಲಲಾರರು. ಸಮುದಾಯ, ತಾಲ್ಲೂಕು ನೋಡಿ ಸರದಿ ಕೊಡುವ ಕೆಲಸ ಮಾತುಕತೆಯಿಂದ ಆದೀತೇ ಹೊರತು ಎಣಿಕೆಯಿಂದಲ್ಲ.

ಜೊತೆಗೆ ದುಡಿಯಬೇಕಾದವರ ಮಾತಿಗೆ ಹೆಚ್ಚು ತೂಕವಿರಬೇಕು. ಬ್ರಿಟನ್ನಿನಲ್ಲಿ 2022ರಲ್ಲಿ ಕನ್ಸರ್ವೇಟಿವ್ ಪಕ್ಷದ ನಾಯಕರ ಆಯ್ಕೆಗೆ ನಡೆದ ಸಂಸದರ ಕೊನೆಯ ಸುತ್ತಿನಲ್ಲಿ ಸುನಕ್‌ಗೆ 137, ಟ್ರಸ್‌ಗೆ 113 ಮತ ಬಿದ್ದಿದ್ದವು. ಸದಸ್ಯರು 81,326 ಮತ ಕೊಟ್ಟು ಟ್ರಸ್ ಅವರನ್ನೇ ಗೆಲ್ಲಿಸಿದರು. ಏಳು ವಾರಗಳಲ್ಲೇ ಅವರು ಪ್ರಧಾನಿ ಕುರ್ಚಿಯಿಂದ ಇಳಿದರು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1996ರಲ್ಲಿ ಮುಖ್ಯಮಂತ್ರಿಯಾದದ್ದು ಸದಸ್ಯರ ಮತದಿಂದಲ್ಲ, ಶಾಸಕಾಂಗ ಪಕ್ಷದ ಒಪ್ಪಿಗೆಯಿಂದ. ಒಳಜಗಳ ತಪ್ಪಲಿಲ್ಲ, ಆದರೂ ಅವರು ಮೂರು ವರ್ಷ ದಾಟಿಸಿದರು.

ತಿದ್ದಬೇಕಾದದ್ದು ವೀಕ್ಷಕರ ಪದ್ಧತಿಯನ್ನು. ಬ್ಲಾಕ್ ಅಧ್ಯಕ್ಷರು, ಶಾಸಕರು, ಸೋತ ಅಭ್ಯರ್ಥಿಗಳು ಯಾವ ಹೆಸರಿಗೆ ಏನು ಹೇಳಿದರೆಂಬುದನ್ನು ವೀಕ್ಷಕರು ಲಿಖಿತವಾಗಿ ದಾಖಲಿಸಲಿ. ಆಯ್ಕೆಯ ಕಾರಣವನ್ನು ವರಿಷ್ಠರು ಜಿಲ್ಲಾ ಕಾರ್ಯಕಾರಿಣಿಯ ಮುಂದೆ ಓದಿ ಹೇಳಲಿ.