ಡ್ಯೂಸ್‌ನ ಹಿಂದಿನ ಆಕ್ಸಲ್ ಕಿತ್ತರೆ ಹೋಗೋದು ಆಕ್ಸಲ್ ಒಂದೇ ಅಲ್ಲ

ಅಮೆರಿಕದ ಸೈನ್ಯ ಬೇಡವೆಂದು ಮಾರಿದ ಎಂ35 ಲಾರಿ (ಅಡ್ಡಹೆಸರು ‘ಡ್ಯೂಸ್’) ಕೊಂಡು, ಮನೆ ಹಿಂದಿನ ಶೆಡ್ಡಿನಲ್ಲೇ ಅದರ ಎರಡು ಹಿಂದಿನ ಆಕ್ಸಲ್‌ಗಳಲ್ಲಿ ಒಂದನ್ನು ಕಿತ್ತು, ಚಾಸಿಯ ಬಾಲ ಕತ್ತರಿಸಿ ಓಡಿಸುವ ಹುಚ್ಚೊಂದು ಅಲ್ಲಿದೆ. ಹಾಗೆ ಮೊಟಕು ಮಾಡಿದ ಗಾಡಿಗೆ ಅಲ್ಲಿಯವರು ‘ಬಾಬ್ಡ್ ಡ್ಯೂಸ್’ ಅನ್ನುತ್ತಾರೆ. ನನಗೂ ಈ ಹುಚ್ಚು ಇಷ್ಟವೇ. ನನ್ನ ತಕರಾರು ಇರೋದು ಕೆಲಸದ ಕ್ರಮದ ಮೇಲೆ. ಎಲ್ಲರೂ ಗ್ಯಾಸ್ ಕಟರ್ ಹಿಡಿದೇ ಶುರು ಮಾಡುತ್ತಾರೆ, ಬ್ರೇಕಿನ ವಿಷಯಕ್ಕೆ ಬರುವ ಹೊತ್ತಿಗೆ ದುಡ್ಡೂ ಮುಗಿದಿರುತ್ತೆ, ಉತ್ಸಾಹವೂ ಇಳಿದಿರುತ್ತೆ.

ಮೊದಲು ‘ಇತಿಹಾಸ ಹಾಳು ಮಾಡ್ತಿದ್ದೀರಿ’ ಅನ್ನುವವರಿಗೊಂದು ಮಾತು. ಎಂ35 ಅಪರೂಪದ ಗಾಡಿಯಲ್ಲ. 1950ರ ದಶಕದಿಂದ ಶುರುವಾಗಿ ರಿಯೋ, ಸ್ಟುಡ್‌ಬೇಕರ್, ಕೈಸರ್ ಜೀಪ್, ಎಎಂ ಜನರಲ್ ಅಂತ ಕೈ ಬದಲಾಯಿಸುತ್ತಾ ದಶಕಗಳ ಕಾಲ ತಯಾರಾದ ಲಾರಿ ಅದು. ಗುಜರಿಗೆ ಹೋಗಬೇಕಿದ್ದದ್ದು ಯಾರದೋ ಅಂಗಳದಲ್ಲಿ ಇನ್ನಷ್ಟು ವರ್ಷ ಓಡಿದರೆ ನಷ್ಟವೇನು? ಆದರೆ ಎರಡನೇ ಮಹಾಯುದ್ಧದ ಜಿಎಂಸಿ ಸಿಸಿಕೆಡಬ್ಲ್ಯೂ ಲಾರಿ ಕೈಗೆ ಸಿಕ್ಕಿದ್ದರೆ ದಯವಿಟ್ಟು ಅದನ್ನು ಇದ್ದಂತೆಯೇ ಇಡಿ.

ಆಕ್ಸಲ್ ಕೀಳೋಕೆ ಸರಿಯಾದ ಕಾರಣಗಳೂ ಇವೆ. ಹಿಂದೆ ಜೋಡಿ ಆಕ್ಸಲ್ ಇರುವ ಲಾರಿ ಇಕ್ಕಟ್ಟಿನಲ್ಲಿ ತಿರುಗುವಾಗ ಹಿಂದಿನ ಟೈರುಗಳು ಉರುಳೋದಕ್ಕಿಂತ ಹೆಚ್ಚಾಗಿ ಅಡ್ಡಡ್ಡ ಉಜ್ಜುತ್ತವೆ. ರಬ್ಬರ್ ಸವೆಯುತ್ತೆ, ಸ್ಟಿಯರಿಂಗ್ ಒದ್ದಾಡುತ್ತೆ. ಮೂಲದಲ್ಲಿ ಹತ್ತು ಟೈರು ಇರುವ ಗಾಡಿ, ಮೊಟಕಾದ ಮೇಲೆ ಆರಕ್ಕೆ ಇಳಿಯುತ್ತೆ. ಜೋಡಿ ಟೈರು ತೆಗೆದು ದಪ್ಪನೆಯ ಒಂಟಿ ಟೈರು ಹಾಕಿದರೆ ನಾಲ್ಕೇ ಸಾಕು. ಹೊರಗೆ ತೆಗೆದ ರಾಕ್‌ವೆಲ್ ಕಂಪನಿಯ ಆಕ್ಸಲ್ಲೂ ದಂಡವಲ್ಲ, ಕೆಸರಲ್ಲಿ ಗಾಡಿ ಓಡಿಸುವವರು ಅದನ್ನೇ ಹುಡುಕಿಕೊಂಡು ಬರುತ್ತಾರೆ.

ಈಗ ಅಸಲು ವಿಷಯ. ಈ ಲಾರಿಯಲ್ಲಿ ಎರಡು ಹಿಂದಿನ ಆಕ್ಸಲ್‌ಗಳಿಗೆ ಬೇರೆ ಬೇರೆ ಸ್ಪ್ರಿಂಗ್ ಇಲ್ಲ. ಒಂದೊಂದು ಬದಿಗೆ ಒಂದೇ ಪ್ಲೇಟ್ ಸ್ಪ್ರಿಂಗ್ ಕಟ್ಟು. ಅದರ ನಡು ಚಾಸಿಗೆ ಅಂಟಿದ ತಿರುಗಣೆಯ ಮೇಲೆ ಕೂತಿದೆ, ಎರಡು ತುದಿಗಳು ಎರಡು ಆಕ್ಸಲ್‌ಗಳ ಮೇಲೆ. ಥೇಟ್ ತಕ್ಕಡಿ. ಒಂದು ತಟ್ಟೆ ತೆಗೆದರೆ ಇನ್ನೊಂದು ಕುಸಿಯುತ್ತೆ. ಹಾಗಾಗಿ ‘ಒಂದು ಆಕ್ಸಲ್ ತೆಗೆದೆ’ ಅಂದರೆ ಹಿಂದಿನ ಸಸ್ಪೆನ್ಶನ್ ಪೂರ್ತಿ ಕಿತ್ತು ಹಾಕಿದೆ ಅಂತಲೇ ಅರ್ಥ. ಒಂದು ಕಡೆ ಗಟ್ಟಿ ಪಿನ್ನು, ಇನ್ನೊಂದು ಕಡೆ ಶ್ಯಾಕಲ್ (ಸ್ಪ್ರಿಂಗ್ ಚಾಚಿಕೊಳ್ಳೋಕೆ ಬಿಡುವ ಓಲಾಡುವ ಕೊಂಡಿ) ಇರುವ ಹೊಸ ಸ್ಪ್ರಿಂಗ್ ಕೂರಿಸಬೇಕು. ತುಂಬಾ ಜನ ಇನ್ನೊಂದು ಡ್ಯೂಸ್‌ನ ಮುಂದಿನ ಸ್ಪ್ರಿಂಗುಗಳನ್ನೇ ತಂದು ಹಿಂದೆ ಹಾಕುತ್ತಾರೆ. ನನಗೆ ಇದು ಒಪ್ಪಿತ. ತೀರಾ ಗಡಸು ಸ್ಪ್ರಿಂಗ್ ಹಾಕಿದರೆ ಖಾಲಿ ಗಾಡಿಯ ಹಿಂಭಾಗ ಕುಣಿಯುತ್ತೆ.

ಸ್ಪ್ರಿಂಗ್ ಜೊತೆಗೆ ಟಾರ್ಕ್ ರಾಡುಗಳೂ ಹೋಗುತ್ತವೆ ಅನ್ನೋದನ್ನು ಮರೆಯುವವರೇ ಹೆಚ್ಚು. ಆಕ್ಸಲ್ ಹೌಸಿಂಗ್ ತನ್ನಷ್ಟಕ್ಕೆ ತಿರುಗದಂತೆ ಹಿಡಿದಿದ್ದದ್ದು ಆ ರಾಡುಗಳು. ಈ ಆಕ್ಸಲ್‌ನ ಗೇರ್ ಅನುಪಾತ 6.72ಕ್ಕೆ 1, ಅಂದರೆ ಶಾಫ್ಟ್ 6.72 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಲೋ ರೇಂಜ್ (ವೇಗ ಕಡಿಮೆ, ಬಲ ಹೆಚ್ಚು ಕೊಡುವ ಜೋಡಣೆ), ಮೊದಲ ಗೇರು ಹಾಕಿ ಕ್ಲಚ್ ಬಿಟ್ಟರೆ, ಮುಂಚೆ ಎರಡು ಆಕ್ಸಲ್‌ಗಳಿಗೆ ಹಂಚಿಹೋಗುತ್ತಿದ್ದ ತಿರುಚುವ ಬಲವೆಲ್ಲ ಒಂದರ ಮೇಲೇ ಬೀಳುತ್ತೆ. ಬರೀ ಪ್ಲೇಟುಗಳ ಮೇಲೆ ಬಿಟ್ಟರೆ ಅವು ಡೊಂಕಾಗಿ ತಿರುಚಿಕೊಳ್ಳುತ್ತವೆ, ಪಿನಿಯನ್ (ಶಾಫ್ಟ್ ಬಂದು ಸೇರುವ ಹಲ್ಲುಗಾಲಿ) ಮೂತಿ ಮೇಲೇಳುತ್ತೆ, ಇಂಜಿನ್ನಿನ ಬಲ ತರುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಮುರಿಯುತ್ತೆ. ಹೌಸಿಂಗಿನಿಂದ ಚಾಸಿಗೆ ಒಂದು ಉದ್ದನೆ ರಾಡು ಕಟ್ಟಿಬಿಟ್ಟರೆ ಈ ಚಿಂತೆ ಇಲ್ಲ.

ಆಕ್ಸಲ್ ಎಲ್ಲಿ ಕೂರಿಸಬೇಕು ಅನ್ನೋದರ ಮೇಲೆ ಜಗಳ ಮುಗಿಯಲ್ಲ. ಮುಂದಿನ ಆಕ್ಸಲ್‌ನಿಂದ ಹಿಂದಿನ ಜೋಡಿಯ ನಡುವಿಗೆ 154 ಇಂಚು, ಜೋಡಿಯ ನಡುವಣ ಅಂತರ 48 ಇಂಚು. ಜೋಡಿಯಲ್ಲಿ ಮುಂದಿರೋದನ್ನು ಇದ್ದಲ್ಲೇ ಉಳಿಸಿಕೊಂಡರೆ ವೀಲ್‌ಬೇಸ್ 130ಕ್ಕೆ ಇಳಿಯುತ್ತೆ, ಶಾಫ್ಟ್ ಬದಲಾಯಿಸುವ ಗೋಜಿಲ್ಲ. ನೋಡೋಕೂ ಚೆಂದ. ಆದರೆ ಅಷ್ಟು ಎತ್ತರದ, ಹಿಂದೆ ಹಗುರಾದ, ಗಿಡ್ಡ ಗಾಡಿಗೆ ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಹಿಂಭಾಗ ಮುಂದಕ್ಕೆ ಬರೋಕೆ ನೋಡುತ್ತೆ. ನಾನಾಗಿದ್ದರೆ ಶಾಫ್ಟ್ ಉದ್ದ ಮಾಡಿಸಿ ಆಕ್ಸಲ್ ಹಿಂದಕ್ಕೆ ತಳ್ಳುತ್ತಿದ್ದೆ. ಇನ್ನೊಂದು ಎಚ್ಚರ: ಈ ಆಕ್ಸಲ್‌ನ ಗೇರ್ ಡಬ್ಬಿ ಹೌಸಿಂಗಿನ ನೆತ್ತಿಯ ಮೇಲಿದೆ. ಬೋಲ್ಟ್ ಬಿಚ್ಚಿದ ತಕ್ಷಣ ಆಕ್ಸಲ್ ಮಗುಚೋಕೆ ಹವಣಿಸುತ್ತೆ, ಕೆಳಗೆ ಕೈ ಇಡಬೇಡಿ.

‘ಹಗುರ ಆಯ್ತು, ಇನ್ನು ಎಲ್ಲಿಗೆ ಬೇಕಾದರೂ ನುಗ್ಗುತ್ತೆ’ ಅನ್ನೋ ಮಾತನ್ನು ನಾನು ನಂಬಲ್ಲ. ಮೂಲ ಗಾಡಿಯಲ್ಲಿ ಎರಡು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಶಿಯಲ್ (ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡುವ ಗೇರು) ಇಲ್ಲ, ಶಾಫ್ಟ್ ನೇರವಾಗಿ ಎರಡನ್ನೂ ತಿರುಗಿಸುತ್ತೆ. ಒಂದು ಆಕ್ಸಲ್‌ನ ಚಕ್ರ ಕೆಸರಲ್ಲಿ ಜಾರಿದರೂ ಇನ್ನೊಂದು ಆಕ್ಸಲ್ ದೂಡುತ್ತೆ. ಒಂದೇ ಉಳಿದಾಗ, ಅದರ ಎಡ ಬಲ ಚಕ್ರಗಳ ನಡುವೆ ಡಿಫರೆನ್ಶಿಯಲ್ ಇರೋದರಿಂದ, ಒಂದು ಹಿಂಚಕ್ರ ಜಾರಿತೆಂದರೆ ಹಿಂದಿನ ದೂಡಾಟ ಅಲ್ಲಿಗೇ ಮುಗಿಯಿತು, ಮಿಕ್ಕಿದ್ದು ಮುಂದಿನ ಆಕ್ಸಲ್ ಪಾಲಿಗೆ. ಕೆಸರಿಗೆ ಇಳಿಸುವ ಆಸೆ ಇದ್ದರೆ ಲಾಕರ್‌ಗೂ (ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಸಾಧನ) ದುಡ್ಡು ಎತ್ತಿಡಿ.

ಇದೇ ಲೆಕ್ಕ ಹ್ಯಾಂಡ್ ಬ್ರೇಕಿಗೂ ಬರುತ್ತೆ. ಅದು ಚಕ್ರಗಳನ್ನು ಹಿಡಿಯಲ್ಲ, ಟ್ರಾನ್ಸ್‌ಫರ್ ಕೇಸಿನ (ಬಲವನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಡಬ್ಬಿ) ಹತ್ತಿರ ಶಾಫ್ಟನ್ನು ಹಿಡಿಯುತ್ತೆ. ಎರಡು ಆಕ್ಸಲ್ ಇದ್ದಾಗ ಒಂದು ಚಕ್ರ ಜ್ಯಾಕ್ ಮೇಲೆ ಎತ್ತಿದರೂ ಇನ್ನೊಂದು ಆಕ್ಸಲ್ ಗಾಡಿಯನ್ನು ನಿಲ್ಲಿಸಿಕೊಳ್ಳುತ್ತಿತ್ತು. ಈಗ ಒಂದೇ ಹಿಂಚಕ್ರ ನೆಲ ಬಿಟ್ಟರೂ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲದಂತೆ, ಟನ್ನುಗಟ್ಟಲೆ ತೂಕದ ಗಾಡಿ ಇಳಿಜಾರಿನಲ್ಲಿ ಹೊರಟೇಬಿಡುತ್ತೆ. ಮೊಟಕು ಮಾಡಿದ ಗಾಡಿಗಳ ಬಣ್ಣ, ಟೈರು, ಹೊಗೆ ಕೊಳವೆ ಬಗ್ಗೆ ಪುಟಗಟ್ಟಲೆ ಬರೆಯುವವರು ಇದರ ಬಗ್ಗೆ ತುಟಿ ಬಿಚ್ಚಲ್ಲ.

ಕಾಲಿನ ಬ್ರೇಕ್ ಕಥೆ ಇನ್ನೂ ಹಳೇದು. ಎಂ35ಎ2 ಮಾದರಿಯಲ್ಲಿ ಗಾಳಿಯ ಸಹಾಯ ಇರುವ ಹೈಡ್ರಾಲಿಕ್ ಬ್ರೇಕ್, ಆದರೆ ಎಣ್ಣೆ ಹರಿಯುವ ಸರ್ಕ್ಯೂಟ್ ಒಂದೇ. ಒಂದು ವೀಲ್ ಸಿಲಿಂಡರ್ ಸೋರಿದರೆ ಮುಂದೆ ಹಿಂದೆ ಎರಡೂ ಕಡೆ ಬ್ರೇಕ್ ಇಲ್ಲ. ಆಕ್ಸಲ್ ತೆಗೆದ ಕಡೆ ಪೈಪಿಗೆ ಬಿರಡೆ ಹೊಡೆದು ‘ಆಯ್ತು’ ಅನ್ನುವ ಜನ ಇದ್ದಾರೆ. ಹೇಗೂ ಪೈಪೆಲ್ಲ ಬಿಚ್ಚಿರುತ್ತೀರಿ, ಮುಂದಕ್ಕೊಂದು ಹಿಂದಕ್ಕೊಂದು ಅಂತ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಭಾಗ) ಹಾಕೋಕೆ ಇದಕ್ಕಿಂತ ಒಳ್ಳೆ ಸಮಯ ಯಾವುದು? ನನ್ನ ಕೈಗೆ ಗಾಡಿ ಕೊಟ್ಟರೆ ಚಾಸಿಗೆ ಗೆರೆ ಎಳೆಯೋ ಮುಂಚೆ ಈ ಕೆಲಸ ಮುಗಿಸುತ್ತೇನೆ.

ಕಾಗದಪತ್ರ ಸುಲಭವೇ. ಸರ್ಕಾರಿ ಗಾಡಿ ಕೊಂಡಾಗ ಸಿಗುವ ಎಸ್‌ಎಫ್-97 ಪ್ರಮಾಣಪತ್ರ ತೋರಿಸಿ ರಾಜ್ಯದಿಂದ ಟೈಟಲ್ (ಮಾಲೀಕತ್ವದ ಪತ್ರ) ಮಾಡಿಸಿಕೊಳ್ಳಬೇಕು. ಒಂದೊಂದು ರಾಜ್ಯದ ನಿಯಮ ಒಂದೊಂದು ಥರ. ಆಕ್ಸಲ್ ಸಂಖ್ಯೆ ಬದಲಾದದ್ದನ್ನು ವಿಮೆಯವರಿಗೆ ಮೊದಲೇ ಬರೆದು ತಿಳಿಸಿಬಿಡಿ, ಅಪಘಾತ ಆದ ಮೇಲೆ ಅವರೇ ಕಂಡುಹಿಡಿಯೋದು ಬೇಡ.

ಡ್ಯಾಶ್‌ಬೋರ್ಡಿನ ಫಲಕದಲ್ಲಿ ಕಚ್ಚಾ ನೆಲಕ್ಕೆ 5,000 ಪೌಂಡ್ ಹೊರೆ ಅಂತ ಇರುತ್ತೆ. ಎರಡು ಆಕ್ಸಲ್ ಇದ್ದ ಕಾಲದ ಅಂಕಿ ಅದು. ಕೆಲಸ ಮುಗಿದ ಮೇಲೆ ವೇಬ್ರಿಡ್ಜ್ ಮೇಲೆ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿ. ಹೊಸ ಸ್ಪ್ರಿಂಗ್, ಆಕ್ಸಲ್, ಟೈರು ಈ ಮೂರರಲ್ಲಿ ಯಾವುದು ಕಡಿಮೆ ಹೊರುತ್ತೋ ಅದರಿಂದ ಹಿಂದಿನ ಖಾಲಿ ತೂಕ ಕಳೆಯಿರಿ. ಹಿಂದಿನ ಆಕ್ಸಲ್ ಮೇಲೆ ಇನ್ನೆಷ್ಟು ಬೀಳಬಹುದು ಅನ್ನೋದು ಆಗ ತಿಳಿಯುತ್ತೆ. ಆ ಅಂಕಿ ಕೈಗೆ ಸಿಗೋವರೆಗೆ ಹಿಂದೆ ಟ್ರೇಲರ್ ಕಟ್ಟಬೇಡಿ.