ಅಂದ ಹಾಗೆ ಡಾಕ್ಟ್ರೇ…

ಹೋದ ವರ್ಷ ನಾನು ಡಾಕ್ಟರ ಹತ್ತಿರ ಹೋಗಿದ್ದು ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಗುತ್ತೆ ಎಂದು ಹೇಳುವುದಕ್ಕೆ. ಹೇಳಿದ್ದು ಕಾಲಿನ ಹೆಬ್ಬೆರಳ ಉಗುರಿನ ಬಗ್ಗೆ.

ಅವರು "ಏನು ತೊಂದರೆ?" ಎಂದರು. ನಾನು "ಏನಿಲ್ಲ ಡಾಕ್ಟ್ರೇ" ಎಂದೆ. ಒಂದು ಗಂಟೆ ಕಾದು, ಟೋಕನ್ ಹಿಡಿದು ಒಳಗೆ ಹೋದವನು ಆಡುವ ಮಾತಾ ಇದು? ಆಮೇಲೆ ಏನಾದರೂ ಹೇಳಲೇಬೇಕಲ್ಲ, ಉಗುರು ಹಳದಿಯಾಗಿದೆ ಎಂದೆ. ಅವರು ಪಾಪ, ಬಗ್ಗಿ ನೋಡಿದರು, ಟಾರ್ಚ್ ಬಿಟ್ಟು ನೋಡಿದರು, ಫಂಗಸ್ ಇರಬಹುದು ಎಂದರು. ಕಾಲಿನ ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಿ ಬೆಳೆಯಲು ಒಂದು ವರ್ಷಕ್ಕೂ ಜಾಸ್ತಿ ಬೇಕಾಗಬಹುದು, ತಾಳ್ಮೆ ಇರಲಿ ಎಂದು ಔಷಧಿ ಬರೆದುಕೊಟ್ಟರು. ನನ್ನ ಹತ್ತು ನಿಮಿಷ ಮುಗಿಯಿತು. ಎದ್ದೆ, ಥ್ಯಾಂಕ್ಸ್ ಹೇಳಿದೆ, ಬಾಗಿಲ ಹಿಡಿಕೆ ಮೇಲೆ ಕೈ ಇಟ್ಟೆ.

"ಅಂದ ಹಾಗೆ ಡಾಕ್ಟ್ರೇ, ಮೆಟ್ಟಿಲು ಹತ್ತುವಾಗ ಎದೆ ಒಂಥರಾ ಹಿಡಿದ ಹಾಗಾಗುತ್ತೆ. ನಿಂತರೆ ಹೋಗುತ್ತೆ. ದೊಡ್ಡದೇನಲ್ಲ ಬಿಡಿ."

ಅವರು ಪೆನ್ನು ಕೆಳಗಿಟ್ಟರು. "ವಾಪಸ್ ಬಂದು ಕೂತ್ಕೊಳ್ಳಿ" ಎಂದರು.

ಅವತ್ತೇ ಇಸಿಜಿ ಆಯಿತು. ಆಮೇಲೆ ಹೃದಯದ ಡಾಕ್ಟರನ್ನೂ ನೋಡಿದ್ದಾಯಿತು. ಈಗ ಮಾತ್ರೆ ನುಂಗಿಕೊಂಡು ಆರಾಮಾಗಿ ಮೆಟ್ಟಿಲು ಹತ್ತುತ್ತಿದ್ದೇನೆ. ಆದರೆ ಅವತ್ತು ಹೊರಗೆ ಕಾಯುತ್ತಿದ್ದವರು ನನ್ನನ್ನು ನೋಡಿದ ನೋಟ ಇದೆಯಲ್ಲ, ಅದಕ್ಕೆ ಯಾವ ಮಾತ್ರೆಯೂ ಇಲ್ಲ.

ಇದು ನನ್ನೊಬ್ಬನ ಕಾಯಿಲೆ ಅಂದುಕೊಂಡಿದ್ದೆ. ಅಲ್ಲ. ಡಾಕ್ಟರುಗಳು ಇದಕ್ಕೆ 'ಬಾಗಿಲ ಹಿಡಿಕೆಯ ಮಾತು' ಅಂತ ಹೆಸರೇ ಇಟ್ಟುಬಿಟ್ಟಿದ್ದಾರೆ. ತಪ್ಪು ಪೂರ್ತಿ ನಮ್ಮದೂ ಅಲ್ಲ. 1984ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು 74 ಭೇಟಿಗಳ ಮಾತುಕತೆಯನ್ನು ಕೂತು ಕೇಳಿದರು. ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಮಾತು ಹಾಕುತ್ತಿದ್ದರಂತೆ. ನನ್ನ 18 ಸೆಕೆಂಡು ಕುರ್ಚಿ ಎಳೆದು, ಗಂಟಲು ಸರಿಮಾಡಿಕೊಂಡು, "ಏನಿಲ್ಲ ಡಾಕ್ಟ್ರೇ" ಅನ್ನುವುದಕ್ಕೇ ಖರ್ಚಾಗುತ್ತದೆ.

ತಮಾಷೆ ಒಂದು ನಿಮಿಷ ಬದಿಗಿರಲಿ. ಎದೆ ನೋವು ನಿಂತರೂ ಕೂತರೂ ಹೋಗದಿದ್ದರೆ, ಬೆವರು ಬಂದರೆ, ನೋವು ಕೈಗೋ ದವಡೆಗೋ ಹರಡಿದರೆ ಟೋಕನ್ ಗೀಕನ್ ಅಂತ ಕೂರಬೇಡಿ. ಆಂಬುಲೆನ್ಸ್ ಕರೆಸಿ. ಮುಖ ಒಂದು ಕಡೆ ಜೋತುಬಿದ್ದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಆಗಲೂ ಅಷ್ಟೇ. ಬೆಳಗಾಗಲಿ ನೋಡೋಣ ಅನ್ನುವ ಕಾಯಿಲೆಗಳಲ್ಲ ಅವು.

ಸರಿ, ಉಗುರಿನ ಪ್ರಕರಣ ಆದ ಮೇಲೆ ಹೆಂಡತಿ ಹೇಳಿದಳು, "ಚೀಟಿ ಬರ್ಕೊಂಡು ಹೋಗಿ." ಬರೆದೆ. ಶರ್ಟಿನ ಜೇಬಿನಲ್ಲಿಟ್ಟೆ. ಶರ್ಟು ವಾಷಿಂಗ್ ಮೆಷಿನ್ನಿಗೆ ಹೋಯಿತು. ಡಾಕ್ಟರ ಮುಂದೆ ಜೇಬಿಗೆ ಕೈ ಹಾಕಿದರೆ ಕಾಯಿಲೆಗಳೆಲ್ಲ ಒಣಗಿ ಒಂದು ಬಿಳಿ ಉಂಡೆಯಾಗಿದ್ದವು. ಮುಂದಿನ ಸಲ ಮೊಬೈಲಿನಲ್ಲಿ ಬರೆದುಕೊಂಡೆ. ಜಾಗ ಇದೆಯಲ್ಲ ಎಂದು ಬರೆಯುತ್ತಾ ಹೋದೆ, ಒಟ್ಟು 14 ಆದವು. ಕಿವಿಯಲ್ಲಿ ಗುಂಯ್ ಅನ್ನುವುದು, ಮಂಡಿಯಲ್ಲಿ ಟಕ್ ಅನ್ನುವುದು, ಹೀಗೆ ಶಬ್ದಗಳೇ ಐದು. ಡಾಕ್ಟರು ಫೋನ್ ತೆಗೆದುಕೊಂಡು ಕೆಳಗೆ ಸರಿಸಿದರು, ಇನ್ನೂ ಸರಿಸಿದರು. "ಇದರಲ್ಲಿ ನಿಮಗೆ ಯಾವುದರ ಭಯ?" ಎಂದು ಕೇಳಿದರು. ಅದು 11ನೆಯದಾಗಿತ್ತು. ಆವತ್ತಿನಿಂದ ಮೂರೇ ಬರೆಯುತ್ತೇನೆ. ಭಯದ್ದು ಮೇಲೆ.

ಮಾತ್ರೆಗಳದ್ದು ಇನ್ನೊಂದು ಕಥೆ. "ಏನೇನು ತಗೊಳ್ತಿದ್ದೀರಿ?" ಎಂದು ಕೇಳಿದಾಗ "ಬಿಳಿ ಮಾತ್ರೆ, ಗುಂಡಗಿದೆ, ಮಧ್ಯೆ ಒಂದು ಗೀಟು" ಎಂದೆ. ಅರ್ಧ ಔಷಧಿ ಅಂಗಡಿ ಹಾಗೇ ಇದೆ ಎಂದರು. ಮರುಸಲ ಸ್ಟ್ರಿಪ್ಪನ್ನೇ ಒಯ್ದೆ. ಆದರೆ ನಾನು ಮಾತ್ರೆ ಕತ್ತರಿಸುತ್ತಾ ಬಂದಿದ್ದು ಹೆಸರಿರುವ ತುದಿಯಿಂದ. ಉಳಿದಿದ್ದು ಎಚ್ಚರಿಕೆಯ ಸಾಲು ಮಾತ್ರ, ಅದೂ ಅರ್ಧ. ಈಗ ಡಬ್ಬಿಗಳ ಸಮೇತ ಎಲ್ಲವನ್ನೂ ಒಂದು ಚೀಲಕ್ಕೆ ಸುರಿದುಕೊಂಡು ಹೋಗುತ್ತೇನೆ. ಹಾಗೆ ಸುರಿದಾಗಲೇ ಗೊತ್ತಾಗಿದ್ದು: ನನ್ನ ಜ್ವರದ ಮಾತ್ರೆ, ನನ್ನ ಶೀತದ ಮಾತ್ರೆ ಎರಡರೊಳಗೂ ಇದ್ದಿದ್ದು ಪ್ಯಾರಾಸಿಟಮಾಲ್. ಹೆಸರು ಬೇರೆ, ಬಣ್ಣ ಬೇರೆ, ಸರಕು ಒಂದೇ. ದೊಡ್ಡವರಿಗೆ ದಿನಕ್ಕೆ ಹೆಚ್ಚೆಂದರೆ 4 ಗ್ರಾಂ. ಅದು ಮೀರಿದರೆ ಲಿವರಿಗೆ ಪೆಟ್ಟು. ನಾನು ಎರಡು ದಿನ ಎರಡನ್ನೂ ಭಕ್ತಿಯಿಂದ ನುಂಗಿದ್ದೆ.

ಬಿಪಿ ನೋಡಿಸಿಕೊಳ್ಳುವುದರಲ್ಲೂ ನಾನು ಒಂದೂ ತಪ್ಪು ಬಿಟ್ಟವನಲ್ಲ. ಲೇಟಾಯಿತೆಂದು ಓಡಿ ಬಂದು ಕೂತೆ. ಕಾಲ ಮೇಲೆ ಕಾಲು ಹಾಕಿದೆ. ತುಂಬು ತೋಳಿನ ದಪ್ಪ ಅಂಗಿಯ ಮೇಲೇ ಪಟ್ಟಿ ಕಟ್ಟಿಸಿಕೊಂಡೆ. ಮೂತ್ರ ಪರೀಕ್ಷೆ ಇರಬಹುದು ಎಂದು ಲೀಟರ್‌ಗಟ್ಟಲೆ ನೀರು ಕುಡಿದು, ತಡೆದುಕೊಂಡು ಬೇರೆ ಕೂತಿದ್ದೆ. ಪಟ್ಟಿ ಉಬ್ಬುವಾಗ ಸುಮ್ನೆ ಇದ್ದೆನಾ? ಇಲ್ಲ, ನರ್ಸಮ್ಮನಿಗೆ ನನ್ನ ಬಿಪಿಯ ಇತಿಹಾಸ ಹೇಳುತ್ತಿದ್ದೆ. ಮೇಲಿನ ಅಂಕೆ 164 ಬಂತು. ಅವರು ಏನೂ ಮಾತಾಡದೆ ಮೊದಲು ಬಾತ್‌ರೂಮಿನ ದಾರಿ ತೋರಿಸಿದರು. ಆಮೇಲೆ ಬೆನ್ನು ಒರಗಿಸಿ, ಎರಡೂ ಪಾದ ನೆಲಕ್ಕೆ ಊರಿಸಿ, ಬರಿ ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಿಸಿ, ಐದು ನಿಮಿಷ ಬಾಯಿ ಮುಚ್ಚಿಸಿದರು. ಬಾಯಿ ಮುಚ್ಚಿದ್ದೇ ಕಷ್ಟವಾಗಿದ್ದು. 138 ಬಂತು.

ರಕ್ತ ಪರೀಕ್ಷೆಗೆ ಮಾತ್ರ ನಾನು ತಯಾರಿ ಮಾಡಿಕೊಂಡೇ ಹೋಗುವವನು. ಸಕ್ಕರೆ ನೋಡುತ್ತಾರೆ ಎಂದು ಮೂರು ದಿನ ಸಿಹಿ ಮುಟ್ಟಲಿಲ್ಲ, ಎರಡು ಹೊತ್ತು ವಾಕಿಂಗ್ ಮಾಡಿದೆ. ಖಾಲಿ ಹೊಟ್ಟೆ ಅಂದರಲ್ಲ ಎಂದು ರಾತ್ರಿಯಿಂದ ನೀರನ್ನೂ ಬಿಟ್ಟೆ. ನೀರು ಕುಡಿಯಬಹುದು, ಕುಡಿಯಲೇಬೇಕು ಎಂದು ಗೊತ್ತಾಗಿದ್ದು ಲ್ಯಾಬಿನ ಹುಡುಗ ರಕ್ತನಾಳ ಹುಡುಕುತ್ತಾ ನನ್ನ ಎರಡೂ ಕೈ ಚುಚ್ಚಿದ ಮೇಲೆ. ಇಷ್ಟೆಲ್ಲ ಮಾಡಿ ವರದಿ ನೋಡಿದರೆ ಡಾಕ್ಟರು ಬರೆದಿದ್ದು ಎಚ್‌ಬಿಎ1ಸಿ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನವೂ ಸಕ್ಕರೆಯನ್ನು ಮೈಗೆ ಅಂಟಿಸಿಕೊಳ್ಳುತ್ತಾ ಹೋಗುತ್ತದೆ. ಹಾಗಾಗಿ ಈ ಪರೀಕ್ಷೆ ಹೇಳುವುದು ಎರಡು ಮೂರು ತಿಂಗಳ ಸರಾಸರಿ. ಇದಕ್ಕೆ ಉಪವಾಸವೂ ಬೇಕಾಗಿರಲಿಲ್ಲ. "ದಿನಾ ವಾಕಿಂಗ್ ಮಾಡ್ತೀರಾ?" ಎಂದು ಕೇಳಿದರು. ಮಾಡ್ತೀನಿ ಎಂದೆ. ಅವರು ವರದಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ವರದಿಯನ್ನೇ ನಂಬಿದರು.

ಇಷ್ಟಾಗಿ ಮನೆಗೆ ಬಂದರೆ "ಏನಂದ್ರು?" ಎಂಬ ಪ್ರಶ್ನೆ ಕಾದಿರುತ್ತದೆ. "ಚೆನ್ನಾಗಿ ಮಾತಾಡ್ಸಿದ್ರು" ಎಂದೆ ಒಮ್ಮೆ. ಹೊರಗೆ ಕಾಲಿಡುವಷ್ಟರಲ್ಲಿ ಹೇಳಿದ್ದರಲ್ಲಿ ಅರ್ಧ ಹಾರಿಹೋಗಿರುತ್ತದೆ. ಅದಕ್ಕೇ ಈಗ ಏಳುವ ಮೊದಲು ಅವರು ಹೇಳಿದ್ದನ್ನು ಅವರಿಗೇ ಒಪ್ಪಿಸುತ್ತೇನೆ, ಪಾಠ ಒಪ್ಪಿಸುವ ಹುಡುಗನ ಹಾಗೆ. ಮೊದಲ ಸಲ ಒಪ್ಪಿಸಿದಾಗಲೇ ಬೆಳಗಿನ ಮಾತ್ರೆ ರಾತ್ರಿಗೆ, ರಾತ್ರಿಯದು ಬೆಳಗಿಗೆ ಹೋಗಿತ್ತು. ನಾಚಿಕೆ ಆಯಿತು, ಆದರೆ ಹಗಲೆಲ್ಲ ತೂಕಡಿಸುವುದು ತಪ್ಪಿತು.

ಹೋದ ವಾರ ಎಲ್ಲ ಸರಿಯಾಗಿತ್ತು. ಹದಿನೈದು ನಿಮಿಷ ಮೊದಲೇ ಹೋದೆ. ಸಡಿಲ ತೋಳಿನ ಅಂಗಿ, ಮಾತ್ರೆಯ ಚೀಲ, ಮೂರು ಸಾಲಿನ ಚೀಟಿ. ಎದೆಯ ವಿಷಯ ಮೊದಲು ಹೇಳಿದೆ, ಒಂದೇ ಉಸಿರಿಗೆ, 18 ಸೆಕೆಂಡಿನ ಒಳಗೆ. ಕೊನೆಗೆ ಪಾಠವನ್ನೂ ತಪ್ಪಿಲ್ಲದೆ ಒಪ್ಪಿಸಿದೆ. ಎದ್ದು, ಎದೆಯುಬ್ಬಿಸಿಕೊಂಡು ಬಾಗಿಲ ಹಿಡಿಕೆ ಮೇಲೆ ಕೈ ಇಟ್ಟೆ. ಹೇಳುವುದೇನೂ ಬಾಕಿ ಇರಲಿಲ್ಲ.

ಹಿಂದಿನಿಂದ ಡಾಕ್ಟರು ಕರೆದರು. "ಅಂದ ಹಾಗೆ, ಆ ಉಗುರು ಏನಾಯ್ತು?"

ವಾಪಸ್ ಬಂದು ಕೂತೆ. ಶೂ ಬಿಚ್ಚಿದೆ. ಸಾಕ್ಸು ಸರಿಯಾಗಿ ಹೆಬ್ಬೆರಳ ಹತ್ತಿರವೇ ತೂತಾಗಿತ್ತು. "ಬಿಚ್ಚೋದು ಬೇಡ ಬಿಡಿ, ಕಾಣ್ತಾ ಇದೆ" ಎಂದರು.