ಐದು ಗಂಟೆಯ ಹುರುಪು

ನಮ್ಮ ಓಣಿಯಲ್ಲಿ ಬೆಳಗಿನ ಐದಕ್ಕೆ ಒಬ್ಬ ಮನುಷ್ಯ ಕೂಗುತ್ತಾನೆ. ಏಳು, ನಿನ್ನೊಳಗೆ ಬೆಂಕಿ ಇದೆ, ಗೆಲುವು ನಿನ್ನದೇ ಅಂತ. ಹಿಂದೆ ಡ್ರಮ್ಮು, ಅದರ ಹಿಂದೆ ಒಂದಷ್ಟು ಜನರ ‘ಹೋ ಹೋ’. ಇದು ಹಾಡಂತೆ. ಪಕ್ಕದ ಮನೆಯ ಮಹಡಿ ರೂಮಿನಲ್ಲಿರುವ ಹುಡುಗನೊಬ್ಬನ ಮೊಬೈಲ್ ಅಲಾರಂ.

ಸಪ್ತಾಪುರದ ಕಡೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಧಾರವಾಡದ ಈ ಭಾಗದಲ್ಲಿ ಮನೆಗಿಂತ ಕೋಚಿಂಗ್ ಕ್ಲಾಸಿನ ಬೋರ್ಡೇ ಜಾಸ್ತಿ. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ, ಎಲ್ಲ ಸರ್ಕಾರಿ ನೌಕರಿಯ ಪರೀಕ್ಷೆಗಳು. ರೋಣ, ಮುಂಡರಗಿ, ಸವಣೂರು, ಹಾನಗಲ್ಲ ಕಡೆಯಿಂದ ಬಂದ ಹುಡುಗರು. ಒಂದು ರೂಮಿಗೆ ಮೂರು ನಾಲ್ಕು ಮಂದಿ, ಗೋಡೆಯ ಮೇಲೆ ಭಾರತದ ನಕಾಶೆ, ಕಿಟಕಿಯಲ್ಲಿ ಒಣಗುತ್ತಿರುವ ಬನಿಯನ್ನು.

ಆ ಹಾಡಿಗೆ ಎಲ್ಲರೂ ಏಳುತ್ತಾರೆ, ಆ ಹುಡುಗನೊಬ್ಬನನ್ನು ಬಿಟ್ಟು. ನಾನು ಏಳುತ್ತೇನೆ. ನಮ್ಮಾಕೆ ಏಳುತ್ತಾಳೆ. ಎದುರು ಮನೆಯ ಅಜ್ಜಾರು ಕೆಮ್ಮುತ್ತ ಎದ್ದು ಚಹಾಕ್ಕಾಗಿ ಸೊಸೆಯನ್ನು ಎಬ್ಬಿಸುತ್ತಾರೆ. ಓಣಿಯ ನಾಯಿಯೂ ಏಳುತ್ತದೆ. ಗೆಲ್ಲಬೇಕಾದವನು ಮಾತ್ರ ಮುಸುಕು ಎಳೆದುಕೊಳ್ಳುತ್ತಾನೆ. ಹತ್ತು ನಿಮಿಷ ಬಿಟ್ಟು ಮತ್ತೆ ಅದೇ ಬೆಂಕಿ, ಅದೇ ಹೋ ಹೋ.

ಒಂದು ದಿನ ಕೇಳಿಯೇ ಬಿಟ್ಟೆ.

“ತಮ್ಮಾ, ಆ ಹಾಡು ಸ್ವಲ್ಪ ಸಣ್ಣಗ ಇಟ್ಕೊಳ್ಳಾಕ ಆಗಂಗಿಲ್ಲೇನು?”

“ಅಂಕಲ್, ಅದು ಮೋಟಿವೇಷನ್ ಸಾಂಗ್ ರೀ. ಸಣ್ಣಗ ಇಟ್ರ ಮೋಟಿವೇಷನ್ ಆಗಂಗಿಲ್ಲ.”

ವಾದದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ.

ನಿದ್ದೆ ಹಾಳಾದ ಸಿಟ್ಟು ಇದ್ದೇ ಇದೆ. ಅದರ ಮೇಲೆ ಇನ್ನೊಂದು ಸಿಟ್ಟೂ ಇದೆ. ಈ ಹಾಡುಗಳಿಗೆ ನಮ್ಮ ಪರಿಚಯವೇ ಇರುವುದಿಲ್ಲ, ಆದರೂ ಏಕವಚನ. ನೀನು ಹುಲಿ, ನೀನು ಸಿಡಿಲು, ನಿನ್ನನ್ನು ತಡೆಯುವವರಿಲ್ಲ. ನನ್ನನ್ನು ತಡೆಯಲು ಎಡ ಮಂಡಿ ಒಂದೇ ಸಾಕು ಅನ್ನುವುದು ಆ ಹಾಡುಗಾರನಿಗೆ ಗೊತ್ತಿಲ್ಲ. ಸಭೆ ಸಮಾರಂಭಗಳಲ್ಲಿ ಇವನ ಅಣ್ಣತಮ್ಮಂದಿರು ಸಿಗುತ್ತಾರೆ. ಊಟ ಆದಮೇಲಿನ ಅಧಿವೇಶನದಲ್ಲಿ ಮೈಕ್ ಹಿಡಿದು, “ಎಲ್ಲಾರೂ ಎದ್ದು ನಿಂದರ್ರಿ, ಎರಡೂ ಕೈ ಮ್ಯಾಲೆತ್ರಿ, ಜೋರಾಗಿ ಹಾಡ್ರಿ” ಎನ್ನುತ್ತಾರೆ. ನಾನು ಏಳುವುದಿಲ್ಲ. ಹೋಳಿಗೆ ಊಟದ ಮೇಲೆ ಹುಲಿಯೂ ಏಳುವುದಿಲ್ಲ.

ಹಾಗಂತ ಹುಡುಗರಿಗೆ ಹುರುಪು ಬೇಡ ಎನ್ನಲು ನನಗೇನು ಹುಚ್ಚೇ? ಆ ಪಿಎಸ್‌ಐ ಪರೀಕ್ಷೆಯ ಕತೆ ನೋಡಿ. 545 ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ಆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಡುವಿನ ಅಷ್ಟೂ ಕಾಲ ರೂಮಿನ ಬಾಡಿಗೆ, ಖಾನಾವಳಿಯ ಬಿಲ್ಲು, “ಏನಾತಪಾ ನಿಂದು?” ಎನ್ನುವ ಊರಿನ ಫೋನು. ನೆಟ್ಟಗೆ ಬರೆದು ಪಾಸಾದವನೂ ಮತ್ತೆ ಮೊದಲಿನಿಂದ ಓದಿದ. ಅವನ ಕಿವಿಯಲ್ಲಿ ‘ಗೆಲುವು ನಿನ್ನದೇ’ ಎಂದು ಕೂಗಿದರೆ ಮೊಬೈಲನ್ನು ಕೆಲಗೇರಿ ಕೆರೆಗೆ ಒಗೆದಾನು. ಒಗೆಯಬೇಕು ಕೂಡ.

ಆದ್ದರಿಂದ ನಾನು ಆ ಹುಡುಗನಿಗೆ ಒಂದು ಸಲಹೆ ಕೊಟ್ಟೆ. ಬೆಳಗಿಗೆ ಹೊಂದುವ ಹಾಡು ನಮ್ಮಲ್ಲೇ ಇದೆಯಲ್ಲ, ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’, ಅದನ್ನು ಇಟ್ಟುಕೋ ಎಂದೆ. ಹುಡುಗ ಒಮ್ಮೆಲೇ ಚುರುಕಾದ.

“ಹುಯಿಲಗೋಳ ನಾರಾಯಣರಾಯರು, ಗದಗ. ಹಾಡಿದ್ದು 1924, ಬೆಳಗಾವಿ ಕಾಂಗ್ರೆಸ್ ಅಧಿವೇಶನ. 39ನೇದು. ಅಧ್ಯಕ್ಷರು ಗಾಂಧೀಜಿ, ಅವರು ಅಧ್ಯಕ್ಷರಾಗಿದ್ದು ಅದೊಂದಕ್ಕೇ ರೀ.”

ಒಂದೇ ಉಸಿರು. ಎರಡನೇ ಸಾಲು ಹಾಡು ನೋಡೋಣ ಎಂದೆ.

“ಅದನ್ನ ಕೇಳಂಗಿಲ್ರಿ ಅಂಕಲ್.”

ಹುಯಿಲಗೋಳರು ಗದಗಿನಲ್ಲಿ ವಕೀಲರಾಗಿದ್ದರು ಅನ್ನುವುದನ್ನು ಅವನಿಗೆ ನಾನೇ ಹೇಳಿದೆ. ಆಪ್ಷನ್ ನಾಲ್ಕರಲ್ಲಿ ಬರಬಹುದು ಎಂದು ಬರೆದುಕೊಂಡ. ಹಾಡಿದ್ದು 1924ರಲ್ಲಿ, ನಾಡು ಒಂದಾಗಿದ್ದು 1956ರ ನವೆಂಬರ್ 1ರಂದು. 32 ವರ್ಷ. ವಕೀಲರ ಹಾಡು ನೋಡಿ, ತೀರ್ಪಿಗೆ ಅಷ್ಟು ಮುದ್ದತು ಬಿದ್ದೇ ಬೀಳುತ್ತದೆ. ಅವರು 1971ರವರೆಗೆ ಇದ್ದರು, ತೀರ್ಪನ್ನು ಕಣ್ಣಾರೆ ಕಂಡರು. ಎಲ್ಲ ಕಕ್ಷಿದಾರರಿಗೂ ಆ ಪುಣ್ಯ ಇರುವುದಿಲ್ಲ.

ನಮ್ಮಜ್ಜಿಯೂ ಬೆಳಗಿನ ಹೊತ್ತು ಹಾಡುತ್ತಿದ್ದಳು. ಗದಗ ಜಿಲ್ಲೆಯ ಹಳ್ಳಿ, ಬೀಸುಕಲ್ಲಿನ ಮುಂದೆ, ಇನ್ನೂ ಕತ್ತಲಿರುವಾಗ. ತವರು ದೂರ, ಅಣ್ಣ ಬರಲಿಲ್ಲ, ಅತ್ತೆ ಕೆಟ್ಟವಳು, ಇಷ್ಟೇ ವಿಷಯ. ಅದಕ್ಕೆ ನಾವ್ಯಾರೂ ಏಳುತ್ತಿರಲಿಲ್ಲ, ಇನ್ನಷ್ಟು ಗಾಢ ನಿದ್ದೆ ಬರುತ್ತಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಹಾಡು ನಿಂತಿತು. ಎಂಥ ಹಾಡು ಹೋಯಿತಲ್ಲ ಅಜ್ಜಿ ಎಂದು ನಾನು ಕಾಲೇಜಿನಲ್ಲಿದ್ದಾಗ ಹಲುಬಿದ್ದಕ್ಕೆ, “ಬೀಸಿ ನೋಡು, ಗೊತ್ತಾಗತೈತಿ” ಎಂದಳು. ಮುಂದೆ ಮಾತೇ ಬೆಳೆಯಲಿಲ್ಲ.

ಹಾಡಿ ಮನುಷ್ಯನನ್ನು ಎಬ್ಬಿಸುವ ವಿದ್ಯೆ ಪೂರ್ತಿ ಕೈವಶವಾಗಿದ್ದನ್ನು ನಾನು ಕಂಡಿದ್ದು ಒಬ್ಬರಲ್ಲೇ. ನಮ್ಮ ಹಳೆಯ ಮನೆ ಮಾಲೀಕರಲ್ಲಿ.

ಆಗ ಮಾಳಮಡ್ಡಿಯಲ್ಲಿದ್ದೆವು. ಕೆಳಗೆ ಮಾಲೀಕರು, ಮೇಲೆ ನಾವು, ನಮ್ಮ ಮೇಲೆ ತಾರಸಿ, ತಾರಸಿಯ ಮೇಲೆ ಧಾರವಾಡದ ಮಳೆ. ಮಾಲೀಕರು ನಿವೃತ್ತ ಮಾಸ್ತರು. ಊರು ಶಿಗ್ಗಾವಿ ತಾಲೂಕು. ಇದು ಮುಖ್ಯ. ಶರೀಫರ ಶಿಶುನಾಳ ಇರುವುದು ಆ ತಾಲೂಕಿನಲ್ಲೇ. ಕನಕದಾಸರು ಹುಟ್ಟಿದ ಬಾಡ ಇರುವುದೂ ಆ ತಾಲೂಕಿನಲ್ಲೇ. ಮನೆ ಬಾಡಿಗೆ ಹಿಡಿಯುವಾಗ ಗಾಳಿ, ಬೆಳಕು, ನೀರು ಎಲ್ಲ ವಿಚಾರಿಸುತ್ತೇವೆ. ಮಾಲೀಕರ ತಾಲೂಕು ಯಾವುದು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು.

ಮೊದಲ ಮಳೆಗಾಲದಲ್ಲೇ ಮಲಗುವ ಕೋಣೆಯ ಮೂಲೆ ತೊಟ್ಟಿಕ್ಕತೊಡಗಿತು. ಮೊದಲು ಬಕೆಟ್ ಇಟ್ಟೆವು. ಆಮೇಲೆ ಪಾತೇಲಿ. ಆಮೇಲೆ ಮದುವೆಯಲ್ಲಿ ಬಂದ ತಾಮ್ರದ ಕೊಡ. ಜಿಟಿಜಿಟಿ ಮಳೆ ನಿಲ್ಲುವ ಲಕ್ಷಣ ಕಾಣದಾದಾಗ ಕೆಳಗಿಳಿದು ಹೋದೆ.

“ಮಾಸ್ತರ, ಮ್ಯಾಲೆ ಸೋರಾಕತ್ತೈತ್ರಿ.”

“ಎಲ್ಲೆ?”

“ಮಲಗು ಖೋಲ್ಯಾಗ್ರಿ.”

ಮಾಸ್ತರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. “ಕುಂಡ್ರಿ” ಎಂದರು. ಕುಳಿತೆ. ಕಣ್ಣು ಮುಚ್ಚಿದರು, ಗಂಟಲು ಸರಿ ಮಾಡಿಕೊಂಡರು, ‘ಸೋರುತಿಹುದು ಮನೆಯ ಮಾಳಿಗಿ’ ಶುರು ಮಾಡಿದರು.

ಒಂದು ಸಾಲು ತಮಾಷೆಗೆ ಗುನುಗಿ ಬಿಡುತ್ತಾರೆ ಎಂದುಕೊಂಡಿದ್ದೆ. ಇಲ್ಲ. ಪೂರ್ತಿ ಹಾಡಿದರು. ಚೆನ್ನಾಗಿ ಹಾಡಿದರು, ಅದೇ ತೊಂದರೆ. ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು ಓಡಾಡಿದ ಊರಿದು, ಅಪಸ್ವರ ಬಂದರೆ ತರಕಾರಿ ಮಾರುವವರೂ ಮುಖ ಕಿವುಚುತ್ತಾರೆ. ಮಾಸ್ತರು ಒಂದೇ ಒಂದು ಕಡೆ ಸುರ ತಪ್ಪಿದ್ದರೂ ನಾನು ನಡುವೆ ಬಾಯಿ ಹಾಕಿ ಬಾಡಿಗೆ ಕರಾರಿನ ಮಾತು ಎತ್ತುತ್ತಿದ್ದೆ. ತಪ್ಪಲಿಲ್ಲ. ಕೊನೆಗೆ ನಾನೇ “ವ್ಹಾ” ಎಂದೆ.

ಹಾಡಿನ ಹಿಂದೆ ವ್ಯಾಖ್ಯಾನ. “ಮಾಳಿಗಿ ಅಂದ್ರ ಇಲ್ಲೆ ಏನ್ರಿ? ಈ ದೇಹ.”

“ನಂದು ಮಲಗು ಖೋಲಿ ರೀ ಮಾಸ್ತರ.”

“ಇರ್ರಿ, ಹೇಳತೀನಿ. ಶರೀಫರ ಕಾಲದ್ದು ಮಣ್ಣಿನ ಮಾಳಿಗಿ. ಬಿರುಕು ಬಿಟ್ರ ಮ್ಯಾಲೆ ಹತ್ತಿ ಮಣ್ಣು ಹಾಕಿ ತುಳೀಬೇಕು. ಕತ್ತಲದಾಗ ನಾ ಹತ್ತಲಾರೆ ಅಂತಾರ ಅವರು. ನಿಮ್ದು ಸಿಮೆಂಟಿನ ತಾರಸಿ. ತುಳಿದ್ರೂ ಏನೂ ಉಪಯೋಗಿಲ್ಲ.”

ಅಂದರೆ ರಿಪೇರಿ ಆಗುವುದಿಲ್ಲ ಅನ್ನುವುದನ್ನು ಹತ್ತೊಂಬತ್ತನೇ ಶತಮಾನದಿಂದ ಸಾಕ್ಷಿ ಕರೆಸಿ ಹೇಳಿದರು. ಹೋಗುವಾಗ ಇನ್ನೊಂದು ಮಾತೂ ಸೇರಿಸಿದರು. ಶರೀಫರೂ ಮುಲ್ಕಿ ಪರೀಕ್ಷೆ ಪಾಸಾಗಿ ಶಾಲೆ ಮಾಸ್ತರಾಗಿದ್ದರಂತೆ. ಆಮೇಲೆ ನೌಕರಿ ಬಿಟ್ಟು ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಹಿಡಿದರು. “ನಾನೂ ಬಿಡಬೇಕಂತಿದ್ದೆ. ಪೆನ್ಶನ್ ಹೋಗತಿತ್ತು ನೋಡ್ರಿ” ಎಂದರು. ಪರೀಕ್ಷೆ ಪಾಸಾಗಿ, ಕೈಗೆ ಬಂದ ನೌಕರಿಯನ್ನು ಬಿಟ್ಟು ನಡೆದವರ ಹಾಡು ಅದು ಎಂಬ ಸಂಗತಿಯನ್ನು ನಾನು ಸಪ್ತಾಪುರದಲ್ಲಿ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಬಾಡಿಗೆ ನಂಬಿದ ಮನೆಗಳು ಬಹಳ ಇವೆ ಇಲ್ಲಿ.

ಮೆಟ್ಟಿಲು ಹತ್ತುವಾಗ ಗಮನಿಸಿದೆ, ಮನಸ್ಸು ಹಗುರಾಗಿತ್ತು. ಕೊನೆಗೆ ದೇವರನ್ನು ನಂಬುವ ಸಾಲೊಂದನ್ನು ಬಿಟ್ಟರೆ ಆ ಹಾಡಿನಲ್ಲಿ ಸಮಾಧಾನದ ಮಾತು ಎಲ್ಲಾದರೂ ಇದೆಯಾ? ಮನೆ ಸೋರುತ್ತಿದೆ, ಕತ್ತಲಿದೆ, ಸರಿ ಮಾಡುವವರಿಲ್ಲ, ಹತ್ತಲು ನನ್ನಿಂದಾಗದು. ಬೆಂಕಿಯ ಸುದ್ದಿಯಿಲ್ಲ, ಹುಲಿಯ ಸುದ್ದಿಯಿಲ್ಲ. ಆದರೂ ಅದನ್ನೇ ಗುನುಗುತ್ತ ಕೋಣೆಗೆ ಬಂದು, ಬಕೆಟ್ ಚೆಲ್ಲಿ, ಮತ್ತೆ ಮೂಲೆಗಿಟ್ಟೆ. ಇದು ಹೇಗೆ ಸಾಧ್ಯ ಎಂದು ಕೂತು ಯೋಚಿಸಬೇಕು ಅನ್ನಿಸಿತು. ಅಷ್ಟರಲ್ಲಿ ಪಾತೇಲಿ ತುಂಬಿತು.

“ನಿಮಗ ಮಾತಾಡಾಕ ಬರಂಗಿಲ್ಲ, ನಾ ಹೋಗಿ ಬರತೀನಿ” ಎಂದು ಮರುದಿನ ನಮ್ಮಾಕೆ ಸೆರಗು ಸಿಕ್ಕಿಸಿಕೊಂಡು ಕೆಳಗಿಳಿದಳು. ಬಹಳ ಹೊತ್ತು ಬರಲಿಲ್ಲ. ಜಗಳ ಜೋರಾಗಿಯೇ ನಡೆದಿದೆ ಎಂದುಕೊಂಡೆ. ಬಂದಾಗ ಕೈಯಲ್ಲಿ ಮಾಸ್ತರ ಮನೆಯವರು ಕೊಟ್ಟ ಶೇಂಗಾ ಚಟ್ನಿಯ ಬಟ್ಟಲಿತ್ತು.

“ಏನಾತು?”

“ಎರಡನೇ ನುಡಿ ಭಾಳ ಛಲೋ ಐತ್ರಿ” ಎಂದಳು.

ಬೇಸಿಗೆಯಲ್ಲಿ ಮೋಟರ್ ಸುಟ್ಟಿತು. ಅವಳಿ ನಗರದಲ್ಲಿ ಆಗ ನಳದ ನೀರು ವಾರಕ್ಕೊಮ್ಮೆ ಮುಖ ತೋರಿಸಿದರೆ ನಮ್ಮ ಪುಣ್ಯ. ಬಂದದ್ದನ್ನು ಕೆಳಗಿನ ಟಾಕಿಯಿಂದ ಮೇಲಿನ ಟಾಕಿಗೆ ಏರಿಸಲು ಮೋಟರ್ ಬೇಕೇ ಬೇಕು. ಈ ಸಲ ಶರೀಫರಲ್ಲಿ ಮೋಟರಿನ ಪದ ಇಲ್ಲ, ಸಿಕ್ಕಿಬಿದ್ದರು ಮಾಸ್ತರು ಎಂದು ಖುಷಿಯಿಂದಲೇ ಹೋದೆ. ಮಾಸ್ತರು ಕನ್ನಡಕ ತೆಗೆದರು. ನನ್ನ ಎದೆ ಧಸಕ್ಕೆಂದಿತು. ‘ತಲ್ಲಣಿಸದಿರು ಕಂಡ್ಯ ತಾಳು ಮನವೆ’ ಬಂತು. ಕನಕದಾಸರು.

ಮುಗಿದ ಮೇಲೆ ಮೆಲ್ಲಗೆ ಕಣ್ಣು ಬಿಟ್ಟು ಹೇಳಿದರು. “ಬೆಟ್ಟದ ತುದೀ ಮ್ಯಾಲಿನ ಗಿಡಕ್ಕ ನೀರು ಹಾಕಿದವರು ಯಾರು ಅಂತ ಕೇಳ್ಯಾರ್ರಿ ದಾಸರು. ಅದು ಬೆಟ್ಟ. ನಿಮ್ದು ಬರೇ ಒಂದನೇ ಮಜಲೆ.”

ಮೋಟರ್ ರಿಪೇರಿಯಾಗುವವರೆಗೂ ಕೊಡ ಹೊತ್ತೆವು. ನಾನು ಎರಡು ಬಕೆಟ್, ನಮ್ಮಾಕೆ ಒಂದು ಕೊಡ, ಬಾಯಲ್ಲಿ ಇಬ್ಬರಿಗೂ ಕನಕದಾಸರು. ನಡುವಿನ ಮೆಟ್ಟಿಲ ಮೇಲೆ ನಿಂತು ಸುಧಾರಿಸಿಕೊಳ್ಳುವಾಗ ಒಮ್ಮೊಮ್ಮೆ ನಗು ಬರುತ್ತಿತ್ತು. ಒಮ್ಮೊಮ್ಮೆ ಮಾಸ್ತರ ಮೇಲೆ ನೀರು ಸುರಿಯಬೇಕು ಅನ್ನಿಸುತ್ತಿತ್ತು. ಎರಡೂ ಹಾಡಿನ ಪ್ರಭಾವವೇ ಇರಬೇಕು.

ಕೊನೆಗೆ ಆ ಮನೆ ಬಿಟ್ಟೆವು. ಡಿಪಾಜಿಟ್ ವಾಪಸ್ ಕೇಳಲು ಹೋದ ದಿನ ನಮ್ಮಾಕೆಯೂ ಜೊತೆಗೆ ಬಂದಳು. ಏನು ಹಾಡುತ್ತಾರೆ ಎನ್ನುವ ಕುತೂಹಲ ಇಬ್ಬರಿಗೂ ಇತ್ತು. ದುಡ್ಡು ಶಾಶ್ವತವಲ್ಲ ಎನ್ನುವ ಪದಗಳಿಗೆ ನಮ್ಮ ಕಡೆ ಬರಗಾಲವೇ? ದಾಸರದ್ದೋ, ಶರೀಫರದ್ದೋ ಎಂದು ದಾರಿಯಲ್ಲೇ ನಾವಿಬ್ಬರೂ ಪಂಥ ಕಟ್ಟಿದ್ದೆವು.

ಮಾಸ್ತರು ಕನ್ನಡಕ ತೆಗೆಯಲಿಲ್ಲ. ಟ್ರಂಕಿನಿಂದ ವಹಿ ತೆಗೆದರು, ಕ್ಯಾಲ್ಕ್ಯುಲೇಟರ್ ತೆಗೆದರು. ಬಾಕಿ ಉಳಿದ ಲೈಟ್ ಬಿಲ್ ಕಳೆದರು. ಸುಣ್ಣ ಬಣ್ಣದ ಖರ್ಚು ಎಂದು ಒಂದು ದೊಡ್ಡ ಅಂಕಿ ಒತ್ತಿದರು.

“ಬಣ್ಣದ್ದು ಇಷ್ಟ್ಯಾಕ್ರಿ ಮಾಸ್ತರ?”

“ಮಲಗು ಖೋಲಿ ಗ್ವಾಡಿ ಪೂರಾ ಕಲಿ ಬಿದ್ದಾವಲ್ರಿ.”

“ಅವು ಸೋರಿ ಬಿದ್ದ ಕಲಿ ಅಲ್ರೀ!”

“ಹೌದಲ್ರಿ. ನಾ ಅಲ್ಲ ಅಂದ್ನೇನು?” ಎಂದು ಮಾಸ್ತರು ಮೈನಸ್ ಒತ್ತಿದರು.